ಓದಿ ಹೇಳಿದ ಆರೋಪ ಒಂದು, ರುಜುವಾದದ್ದು ಇನ್ನೊಂದು

ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 215ನೇ ಸೆಕ್ಷನ್‌ನಲ್ಲಿ ಇಬ್ಬರು ಸತ್ತವರಿದ್ದಾರೆ: ಖೋದಾ ಬಕ್ಷ್ ಮತ್ತು ಹೈದರ್ ಬಕ್ಷ್. ಕಾನೂನು ಬರೆದವರು ಉದಾಹರಣೆಗೆಂದು ಕಲ್ಪಿಸಿಕೊಂಡ ಹೆಸರುಗಳಿವು. ಒಂದು ಉದಾಹರಣೆಯಲ್ಲಿ, 1882ರ ಜನವರಿ 21ರಂದು ಖೋದಾ ಬಕ್ಷನನ್ನು ಕೊಂದ ಎಂಬ ಆರೋಪ ಒಬ್ಬನ ಮೇಲಿದೆ. ಆದರೆ ನಿಜಕ್ಕೂ ಸತ್ತವನು ಹೈದರ್ ಬಕ್ಷ್, ಸತ್ತ ದಿನ ಜನವರಿ 20. ಹೆಸರೂ ತಪ್ಪು, ತಾರೀಕೂ ತಪ್ಪು. ಆದರೂ ಆರೋಪಿಯ ಮೇಲೆ ಇದ್ದದ್ದು ಆ ಒಂದೇ ಕೊಲೆಯ ಕೇಸು, ಮ್ಯಾಜಿಸ್ಟ್ರೇಟರ ಮುಂದೆ ಅವನ ಕಿವಿಗೆ ಬಿದ್ದದ್ದೆಲ್ಲ ಹೈದರ್ ಬಕ್ಷನ ಸಾವಿನ ಮಾತೇ. ಆದ್ದರಿಂದ ಅವನು ದಾರಿ ತಪ್ಪಿಲ್ಲ, ಈ ತಪ್ಪಿಗೆ ಮಹತ್ವವಿಲ್ಲ ಎಂದು ಕೋರ್ಟು ಭಾವಿಸಬಹುದು.

ಅದರ ಮುಂದಿನ ಉದಾಹರಣೆಯಲ್ಲಿ ಕೇಸುಗಳು ಎರಡು. 20ರಂದು ಹೈದರ್ ಬಕ್ಷನ ಕೊಲೆ. ಆ ಕೊಲೆಗಾಗಿ ಹಿಡಿಯಲು ಬಂದ ಖೋದಾ ಬಕ್ಷನ ಕೊಲೆ 21ರಂದು. ಆರೋಪಿಗೆ ಹೊರಿಸಿದ್ದು ಹೈದರ್ ಬಕ್ಷನ ಕೊಲೆಯ ಆರೋಪ, ವಿಚಾರಣೆ ನಡೆದದ್ದು ಖೋದಾ ಬಕ್ಷನ ಕೊಲೆಗೆ. ತನ್ನ ಪರವಾಗಿ ಅವನು ಕರೆತಂದ ಸಾಕ್ಷಿಗಳೆಲ್ಲ ಹೈದರ್ ಬಕ್ಷನ ಪ್ರಕರಣದವರು. ಈತ ದಾರಿ ತಪ್ಪಿದ್ದಾನೆ, ಇಲ್ಲಿ ಆದ ತಪ್ಪು ಗಂಭೀರವಾದದ್ದು ಎನ್ನುತ್ತದೆ ಕಾನೂನು. ಎರಡೂ ಉದಾಹರಣೆಗಳಲ್ಲಿ ಹೆಸರು, ದಿನಗಳ ಗೊಂದಲ ಒಂದೇ ಬಗೆಯದು. ಬೇರೆಯಾದದ್ದು ಆರೋಪಿ ಯಾರನ್ನು ಸಾಕ್ಷಿಗೆ ಕರೆತಂದ ಎಂಬುದು.

ಶಿಕ್ಷೆಯಾದವರ ಮನೆಯವರು ವಕೀಲರ ಮುಂದೆ ಕುಳಿತು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಹೀಗಿರುತ್ತದೆ: ‘ಚಾರ್ಜ್‌ನಲ್ಲಿ ಹೇಳಿದ್ದೇ ಒಂದು, ಸಾಕ್ಷಿಗಳು ಹೇಳಿದ್ದೇ ಒಂದು. ಹಾಗಿದ್ದ ಮೇಲೆ ಕೇಸು ಬಿದ್ದುಹೋಗಬೇಕಲ್ಲವೇ ಸಾರ್?’ ಹೋಗಬೇಕಾಗಿಲ್ಲ. ಎರಡರ ನಡುವೆ ವ್ಯತ್ಯಾಸವಿದೆ ಎಂದು ತೋರಿಸಿದ ಮಾತ್ರಕ್ಕೆ ಭಾರತದ ಯಾವ ಮೇಲ್ಮನವಿ ನ್ಯಾಯಾಲಯವೂ ಶಿಕ್ಷೆಯನ್ನು ರದ್ದು ಮಾಡುವುದಿಲ್ಲ. ಆ ವ್ಯತ್ಯಾಸದಿಂದಾಗಿ ನಾನು ಆಡಬೇಕಿದ್ದ ಆಟವೇ ಬೇರೆಯಾಯಿತು, ಕೇಳಬೇಕಿದ್ದ ಪ್ರಶ್ನೆ ಕೇಳಲಾಗಲಿಲ್ಲ, ತರಬೇಕಿದ್ದ ಸಾಕ್ಷಿಯನ್ನು ತರಲಿಲ್ಲ ಎಂದು ಕೇಸಿನ ಕಡತದಿಂದಲೇ ತೋರಿಸಿಕೊಡಬೇಕು. ಬಹುಪಾಲು ಮೇಲ್ಮನವಿಗಳು ಸೋಲುವುದು ಈ ಎರಡನೆಯ ಹೆಜ್ಜೆಯಲ್ಲಿ.

ಮೊದಲು ಒಂದು ಗೊಂದಲ ಬಗೆಹರಿಸಿಕೊಳ್ಳೋಣ. ಪೊಲೀಸರು ತನಿಖೆ ಮುಗಿಸಿ ಸಲ್ಲಿಸುವ ಚಾರ್ಜ್‌ಶೀಟ್ ಬೇರೆ, ಕೋರ್ಟು ನಿಗದಿ ಮಾಡುವ ಚಾರ್ಜ್ ಬೇರೆ. ಸುದ್ದಿಗಳಲ್ಲಿ ಎರಡಕ್ಕೂ ‘ದೋಷಾರೋಪ’ ಎಂಬ ಪದವೇ ಓಡಾಡುವುದರಿಂದ ಓದುಗರು ಎರಡನ್ನೂ ಒಂದೇ ಎಂದುಕೊಳ್ಳುವುದುಂಟು. ಚಾರ್ಜ್‌ಶೀಟ್ ಪೊಲೀಸರ ಅಭಿಪ್ರಾಯ. ಅದನ್ನೂ ಜೊತೆಗಿರುವ ಹೇಳಿಕೆಗಳನ್ನೂ ನೋಡಿ, ಯಾವ ಅಪರಾಧಕ್ಕೆ ವಿಚಾರಣೆ ನಡೆಯಬೇಕೆಂದು ನ್ಯಾಯಾಧೀಶರು ಬರೆದು, ಆರೋಪಿಗೆ ಓದಿ ಹೇಳಿ, ‘ತಪ್ಪು ಒಪ್ಪಿಕೊಳ್ಳುತ್ತೀಯಾ, ವಿಚಾರಣೆ ಬೇಕೆನ್ನುತ್ತೀಯಾ’ ಎಂದು ಕೇಳುತ್ತಾರಲ್ಲ, ಅದು ಚಾರ್ಜ್. ಶಿಕ್ಷೆಯನ್ನು ಅಳೆಯಬೇಕಾದದ್ದು ಈ ಎರಡನೆಯದರ ಪಕ್ಕದಲ್ಲಿಟ್ಟು. ಚಾರ್ಜ್‌ಶೀಟ್‌ಗೂ ಸಾಕ್ಷ್ಯಕ್ಕೂ ಹೊಂದಾಣಿಕೆ ಇಲ್ಲ ಎಂಬುದು ಸಾಕ್ಷಿಯನ್ನು ನಂಬಬಹುದೇ ಎಂಬ ಬೇರೆ ಚರ್ಚೆ.

ಹೀಗೆ ನ್ಯಾಯಾಧೀಶರೇ ಚಾರ್ಜ್ ಬರೆಯುತ್ತಾರೆ ಎಂಬುದು ಸಣ್ಣ ಸಂಗತಿಯಂತೆ ಕಾಣುತ್ತದೆ. ಎಷ್ಟು ದೊಡ್ಡದೆಂದು ತಿಳಿಯಲು ಅಮೆರಿಕದ ಕಡೆ ಒಮ್ಮೆ ನೋಡಬೇಕು. ಅಲ್ಲಿನ ಫೆಡರಲ್ ನ್ಯಾಯಾಲಯಗಳಲ್ಲಿ ಗಂಭೀರ ಅಪರಾಧದ ಆರೋಪ ಹೊರಿಸುವುದು 16ರಿಂದ 23 ಮಂದಿ ನಾಗರಿಕರ ಗ್ರ್ಯಾಂಡ್ ಜ್ಯೂರಿ. ಕನಿಷ್ಠ 12 ಮಂದಿ ಒಪ್ಪಬೇಕು. ಸಂವಿಧಾನದ ಐದನೇ ತಿದ್ದುಪಡಿ ಕೊಟ್ಟ ರಕ್ಷಣೆ ಇದು. 1960ರ ಸ್ಟಿರೋನ್ ಪ್ರಕರಣದಲ್ಲಿ, ಹೊರರಾಜ್ಯದಿಂದ ಪೆನ್ಸಿಲ್ವೇನಿಯಾಕ್ಕೆ ಬರುತ್ತಿದ್ದ ಮರಳಿನ ವ್ಯಾಪಾರಕ್ಕೆ ಅಡ್ಡಿ ಮಾಡಿದ ಎಂದು ಗ್ರ್ಯಾಂಡ್ ಜ್ಯೂರಿ ಆರೋಪಿಸಿತ್ತು. ಆ ಮರಳಿನ ಕಾಂಕ್ರೀಟಿನಿಂದ ಕಟ್ಟುವ ಗಿರಣಿಯ ಉಕ್ಕಿನ ವ್ಯಾಪಾರಕ್ಕೂ ಅಡ್ಡಿಯಾಯಿತು ಎಂಬ ಸಾಕ್ಷ್ಯವನ್ನು ವಿಚಾರಣೆಯಲ್ಲಿ ಒಳಗೆ ಬಿಟ್ಟರು. ಅದರ ಮೇಲೂ ಶಿಕ್ಷೆ ಕೊಡಬಹುದೆಂದು ನ್ಯಾಯಾಧೀಶರು ಜ್ಯೂರಿಗೆ ಹೇಳಿದರು. ಸುಪ್ರೀಂ ಕೋರ್ಟು ಶಿಕ್ಷೆಯನ್ನು ರದ್ದು ಮಾಡಿತು. ಗ್ರ್ಯಾಂಡ್ ಜ್ಯೂರಿ ಬರೆದದ್ದನ್ನು ಹಿಗ್ಗಿಸುವ ಅಧಿಕಾರ ನ್ಯಾಯಾಧೀಶರಿಗೆ ಇಲ್ಲ, ಅಷ್ಟೇ. ಆರೋಪ ಅದೇ ಇದ್ದು ಪುರಾವೆ ಮಾತ್ರ ಕೊಂಚ ಪಕ್ಕಕ್ಕೆ ಸರಿದಿದ್ದರೆ ಅಲ್ಲೂ ಬಾಧೆಯಾಯಿತೇ (ಆರೋಪಿಯ ಪ್ರತಿವಾದಕ್ಕೆ ಪೆಟ್ಟು ಬಿತ್ತೇ) ಎಂದೇ ಕೇಳುತ್ತಾರೆ: 1935ರ ಬರ್ಗರ್ ಪ್ರಕರಣದಲ್ಲಿ ಒಂದು ಒಳಸಂಚಿನ ಆರೋಪ ಹೊರಿಸಿ ಎರಡು ರುಜುವಾದಾಗ ಅದರಿಂದ ಹಾನಿಯಾಗಿಲ್ಲ ಎಂದ ಅದೇ ಕೋರ್ಟು, 1946ರ ಕೊಟಿಯಾಕೋಸ್ ಪ್ರಕರಣದಲ್ಲಿ 32 ಆರೋಪಿಗಳನ್ನು ಒಂದೇ ಸಂಚಿನ ಚೀಲಕ್ಕೆ ತುಂಬಿ ಎಂಟು ಅಥವಾ ಅದಕ್ಕೂ ಹೆಚ್ಚು ಸಂಚುಗಳು ಹೊರಬಿದ್ದಾಗ ಶಿಕ್ಷೆಯನ್ನು ತೆಗೆದುಹಾಕಿತು.

ನಮ್ಮಲ್ಲಿ ಗ್ರ್ಯಾಂಡ್ ಜ್ಯೂರಿ ಇಲ್ಲ. ಚಾರ್ಜ್ ಬರೆದ ಕೈಗೇ ಅದನ್ನು ತಿದ್ದುವ ಅಧಿಕಾರವೂ ಇದೆ. ಹಳೆಯ ಸಂಹಿತೆಯ 216, ಹೊಸ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 239ನೇ ಸೆಕ್ಷನ್ ಪ್ರಕಾರ ತೀರ್ಪು ಹೇಳುವ ಮೊದಲು ಯಾವಾಗ ಬೇಕಾದರೂ ಚಾರ್ಜ್ ಬದಲಿಸಬಹುದು, ಹೊಸದನ್ನು ಸೇರಿಸಬಹುದು. ವಾದ ಮುಗಿದು ತೀರ್ಪು ಕಾಯ್ದಿರಿಸಿದ ಮೇಲೂ ಆಗಬಹುದೆಂದು 2020ರ ನಲ್ಲಪರೆಡ್ಡಿ ಶ್ರೀಧರ್ ರೆಡ್ಡಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಇದು ಕೋರ್ಟಿನದೇ ಅಧಿಕಾರ, ‘ಬದಲಿಸಿ’ ಎಂದು ಅರ್ಜಿ ಹಾಕುವ ಹಕ್ಕು ಪಕ್ಷಗಾರರಿಗಿಲ್ಲ ಎಂದು 2017ರ ಕಾರ್ತಿಕಲಕ್ಷ್ಮಿ ತೀರ್ಪು. ಹೀಗಾಗಿ ಆರಂಭದ ಚಾರ್ಜ್‌ನ ಪದಗಳಿಗೆ ಅಂಟಿಕೊಂಡು ವಾದಿಸುವವನ ಕಾಲಡಿ ನೆಲ ಗಟ್ಟಿಯಿಲ್ಲ. ಅವನಿಗಿರುವ ರಕ್ಷಣೆ ಬೇರೆ ಕಡೆ ಇದೆ: ಬದಲಾದ ಚಾರ್ಜನ್ನು ಓದಿ ವಿವರಿಸಬೇಕು, ತಕ್ಷಣ ಮುಂದುವರಿದರೆ ಆರೋಪಿಗೆ ಬಾಧೆಯಾಗುವಂತಿದ್ದರೆ ವಿಚಾರಣೆ ಮುಂದೂಡಬೇಕು ಇಲ್ಲವೇ ಹೊಸದಾಗಿ ನಡೆಸಬೇಕು, ಹಳೆಯ ಸಾಕ್ಷಿಗಳನ್ನು ಮತ್ತೆ ಕರೆಸಿ ಪ್ರಶ್ನಿಸಲು ಬಿಡಬೇಕು. ಬಾಯಲ್ಲಿ ಒಂದು ಚಾರ್ಜ್, ತೀರ್ಪಿನಲ್ಲಿ ಇನ್ನೊಂದು ಎಂದು ಕೋರ್ಟು ಜಿಗಿದಾಗ ಆರೋಪಿ ಕಳೆದುಕೊಳ್ಳುವುದು ಈ ಮೂರನ್ನೂ.

ತಿದ್ದದೆಯೇ ಬೇರೆ ಅಪರಾಧಕ್ಕೆ ಶಿಕ್ಷೆ ಕೊಡುವ ಎರಡು ಬಾಗಿಲುಗಳನ್ನು ಕಾನೂನೇ ತೆರೆದಿಟ್ಟಿದೆ. ನಡೆದ ಕೃತ್ಯ ಕಳವೋ, ಕಳವಿನ ಮಾಲು ಇಟ್ಟುಕೊಂಡದ್ದೋ, ನಂಬಿಕೆದ್ರೋಹವೋ, ವಂಚನೆಯೋ ಎಂಬ ಸಂದೇಹ ಮೊದಲಿನಿಂದಲೇ ಇದ್ದಾಗ, ಒಂದಕ್ಕೆ ಚಾರ್ಜ್ ಮಾಡಿ ಇನ್ನೊಂದು ರುಜುವಾದರೂ ಶಿಕ್ಷೆ ಕೊಡಬಹುದು (ಹಳೆಯ 221, ಹೊಸ 244). ದೊಡ್ಡ ಅಪರಾಧದ ಆರೋಪವಿದ್ದು ಅದರೊಳಗಿನ ಸಣ್ಣದು ಮಾತ್ರ ರುಜುವಾದರೆ ಆ ಸಣ್ಣದಕ್ಕೆ ಶಿಕ್ಷಿಸಬಹುದು (ಹಳೆಯ 222, ಹೊಸ 245). ಕೊಲೆಯ ಆರೋಪ ಕೊಲೆಯಲ್ಲದ ದಂಡನೀಯ ನರಹತ್ಯೆಗೆ ಇಳಿಯುವುದು ಹೀಗೆ.

‘ಸಣ್ಣದು’ ಎಂಬ ಪದದಲ್ಲಿ ಒಂದು ಬಲೆಯಿದೆ. ಶಿಕ್ಷೆ ಕಡಿಮೆ ಇದ್ದ ಮಾತ್ರಕ್ಕೆ ಅಪರಾಧ ಸಣ್ಣದಾಗುವುದಿಲ್ಲ. ದೊಡ್ಡದನ್ನು ರುಜುವಾತು ಮಾಡಲು ಬೇಕಾದ ಅಂಶಗಳ ಪೈಕಿಯೇ ಕೆಲವು ಸೇರಿ ಸಣ್ಣದು ಆಗುವಂತಿರಬೇಕು. ಈ ವ್ಯತ್ಯಾಸ ಎಷ್ಟು ದೂರ ಹೋಗುತ್ತದೆ ಎಂಬುದಕ್ಕೆ ಅತ್ಯುತ್ತಮ ನಿದರ್ಶನ ನಮ್ಮ ರಾಜ್ಯದಿಂದಲೇ ಹೋದದ್ದು: ಶಮ್ನಸಾಹೇಬ್ ಮುಲ್ತಾನಿ ವಿರುದ್ಧ ಕರ್ನಾಟಕ ರಾಜ್ಯ, 2001.

ಅಲ್ಲಿ ಗಂಡನ ಮೇಲಿದ್ದದ್ದು ಹೆಂಡತಿಯನ್ನು ಕೊಂದ ಆರೋಪ, ಐಪಿಸಿ 302. ಕೊಲೆ ನಿಲ್ಲಲಿಲ್ಲ. ಆದರೆ ಹೈಕೋರ್ಟು 304-ಬಿ, ಅಂದರೆ ವರದಕ್ಷಿಣೆ ಸಾವಿನ ಅಡಿ ಶಿಕ್ಷೆ ಕೊಟ್ಟಿತು. ಆ ಸೆಕ್ಷನ್‌ನ ಚಾರ್ಜ್ ಯಾವತ್ತೂ ನಿಗದಿಯಾಗಿರಲಿಲ್ಲ. ಮೇಲ್ನೋಟಕ್ಕೆ ಇದು ಆರೋಪಿಗೆ ಅನುಕೂಲವೇ ಅಲ್ಲವೇ? ಗಲ್ಲು ಅಥವಾ ಜೀವಾವಧಿಯ ಅಪರಾಧ ಹೋಗಿ ಕನಿಷ್ಠ 7 ವರ್ಷದ ಅಪರಾಧ ಬಂತು. ನ್ಯಾಯಮೂರ್ತಿ ಕೆ.ಟಿ. ಥಾಮಸ್ ಅವರಿದ್ದ ಮೂವರ ಪೀಠ ನೋಡಿದ್ದು ಶಿಕ್ಷೆಯ ಅಳತೆಯನ್ನಲ್ಲ, ರುಜುವಾತಿನ ಹೊರೆ ಯಾರ ಹೆಗಲ ಮೇಲಿದೆ ಎಂಬುದನ್ನು. ಕೊಲೆ ಕೇಸಿನಲ್ಲಿ ಆರೋಪಿ ತುಟಿ ಬಿಚ್ಚಬೇಕಾಗಿಲ್ಲ. ಎಲ್ಲವನ್ನೂ ಪ್ರಾಸಿಕ್ಯೂಷನ್ನೇ ರುಜುವಾತು ಮಾಡಬೇಕು. ಒಳ್ಳೆಯ ವಕೀಲರು ಎಷ್ಟೋ ಸಲ ಸಾಕ್ಷಿಯ ಬಾಯಿಂದ ಹೆಚ್ಚು ಮಾತು ಹೊರಡಿಸದೆ ಸುಮ್ಮನಿರುವುದೇ ಲೇಸು ಎಂದುಕೊಳ್ಳುತ್ತಾರೆ. ವರದಕ್ಷಿಣೆ ಸಾವಿನಲ್ಲಿ ಆಟದ ನಿಯಮವೇ ತಿರುವುಮುರುವು. ಮದುವೆಯಾದ 7 ವರ್ಷದೊಳಗೆ ಅಸಹಜ ಸಾವು, ಸಾವಿಗೆ ಸ್ವಲ್ಪ ಮುಂಚೆ ವರದಕ್ಷಿಣೆಗಾಗಿ ಕಿರುಕುಳ ಎಂದು ತೋರಿಬಿಟ್ಟರೆ, ಹಳೆಯ ಸಾಕ್ಷ್ಯ ಅಧಿನಿಯಮದ 113-ಬಿ (ಹೊಸ 118) ಪ್ರಕಾರ ಕೋರ್ಟು ಗಂಡನೇ ಸಾವಿಗೆ ಕಾರಣನೆಂದು ಭಾವಿಸಲೇಬೇಕು. ಆಗ ಸುಳ್ಳೆಂದು ತೋರಿಸುವ ಹೊರೆ ಅವನದು. ಕೊಲೆಯ ಚಾರ್ಜ್ ನಂಬಿ ಮೌನವಾಗಿದ್ದವನಿಗೆ, ಕೊನೆಯಲ್ಲಿ ‘ನೀನು ಏಕೆ ಮಾತಾಡಲಿಲ್ಲ?’ ಎಂದು ಶಿಕ್ಷೆ ಕೊಟ್ಟಂತಾಯಿತು.

304-ಬಿಯು 302ರೊಳಗಿನ ಸಣ್ಣ ಅಪರಾಧವಲ್ಲ, ಅವಕಾಶ ಕೊಡದೆ ಆ ಅಡಿ ಶಿಕ್ಷಿಸಿದರೆ ನ್ಯಾಯ ವಿಫಲವಾದಂತೆ ಎಂದು ಪೀಠ ಹೇಳಿತು. ಶಿಕ್ಷೆ ರದ್ದಾಯಿತು. ಆದರೆ ಆತ ಖುಲಾಸೆಯಾಗಿ ಮನೆಗೆ ಹೋಗಲಿಲ್ಲ: 304-ಬಿಗೆ ಉತ್ತರ ಕೊಡಲು ಅವಕಾಶ ಕೊಟ್ಟು ಮತ್ತೆ ತೀರ್ಮಾನಿಸಿ ಎಂದು ಪ್ರಕರಣ ವಿಚಾರಣಾ ನ್ಯಾಯಾಲಯಕ್ಕೆ ಮರಳಿತು. ಮೇಲ್ಮನವಿಯಲ್ಲಿ ಗೆದ್ದವರು ನಿಜಕ್ಕೂ ಏನು ಗೆಲ್ಲುತ್ತಾರೆ ಎಂಬುದನ್ನು ಇಲ್ಲೇ ಗಮನಿಸಿಡಬೇಕು. ಅದೇ ತೀರ್ಪಿನಲ್ಲಿ ‘ನ್ಯಾಯ ವಿಫಲತೆ’ ಎಂಬುದು ಯಾವ ಸಂದರ್ಭಕ್ಕೂ ಹೊಂದುವಂತೆ ಬಗ್ಗಿಸಬಹುದಾದ ಮಾತು, ಕೋರ್ಟುಗಳು ಅದನ್ನು ಹುಷಾರಾಗಿ ಪರೀಕ್ಷಿಸಬೇಕು ಎಂಬ ಎಚ್ಚರಿಕೆಯೂ ಇದೆ.

ಈ ಪರೀಕ್ಷೆಯ ಮೂಲ 1955ಕ್ಕೆ ಹೋಗುತ್ತದೆ. ಆ ವರ್ಷದ ಆರಂಭದಲ್ಲಿ ನಾನಕ್ ಚಂದ್ ಪ್ರಕರಣದಲ್ಲಿ, ಅಕ್ರಮ ಕೂಟದ ಸದಸ್ಯನೆಂಬ ನೆಲೆಯಲ್ಲಿ (149) ಮಾತ್ರ ಚಾರ್ಜ್ ಇದ್ದವನಿಗೆ ನೇರ ಕೊಲೆಯ ಶಿಕ್ಷೆ ಕೊಡಲಾಗದು ಎಂದು ಸುಪ್ರೀಂ ಕೋರ್ಟು ಹೇಳಿತ್ತು. ಅದನ್ನು ಓದಿದವರು ಚಾರ್ಜ್‌ನಲ್ಲಿ ಇಲ್ಲದ್ದಕ್ಕೆ ಶಿಕ್ಷೆಯೇ ಇಲ್ಲ ಎಂದು ಅರ್ಥ ಮಾಡಿಕೊಳ್ಳತೊಡಗಿದರು. ವಿಷಯ ಐವರ ಪೀಠಕ್ಕೆ ಹೋಯಿತು. ಅದು ವಿಲ್ಲಿ ಸ್ಲೇನಿ ಪ್ರಕರಣ. ಅಣ್ಣತಮ್ಮ ಇಬ್ಬರ ಮೇಲೂ ಒಟ್ಟಾಗಿ ಕೊಲೆ ಮಾಡಿದ (302 ಜೊತೆಗೆ 34) ಚಾರ್ಜ್ ಇತ್ತು. ಒಬ್ಬ ಖುಲಾಸೆಯಾದ. ಹಾಗಾದರೆ ‘ಒಟ್ಟಾಗಿ’ ಎಂಬುದೇ ಹೋಯಿತು. ಹಾಕಿ ಸ್ಟಿಕ್‌ನಿಂದ ತಲೆಗೆ ಹೊಡೆದ ಇನ್ನೊಬ್ಬನಿಗೆ ನೇರ ಚಾರ್ಜ್ ಇಲ್ಲದೆ ಶಿಕ್ಷೆ ಹೇಗೆ? ಹೊಡೆದವನು ತಾನೇ ಎಂಬ ಆರೋಪ ಅವನಿಗೆ ಮೊದಲಿನಿಂದಲೂ ತಿಳಿದಿತ್ತು, ಅದಕ್ಕೇ ಅವನು ಉತ್ತರ ಕೊಟ್ಟಿದ್ದ, ಆದ್ದರಿಂದ ಬಾಧೆಯಾಗಿಲ್ಲ ಎಂದಿತು ಪೀಠ. ಕೊಲೆಯನ್ನು ದಂಡನೀಯ ನರಹತ್ಯೆಗೆ ಇಳಿಸಿದ್ದು ಬೇರೆ ಕಾರಣಕ್ಕೆ. ನ್ಯಾಯಮೂರ್ತಿ ವಿವಿಯನ್ ಬೋಸ್ ಅವರ ಬರಹದ ಒಟ್ಟು ತಾತ್ಪರ್ಯ: ವಿಧಿವಿಧಾನದ ನಿಯಮಗಳಿರುವುದು ನ್ಯಾಯಕ್ಕೆ ದಾರಿಯಾಗಲು, ಕಾಲಿಗೆ ತೊಡರಲು ಅಲ್ಲ. ಯಾವುದಕ್ಕೆ ವಿಚಾರಣೆ ಎಂಬುದು ಆರೋಪಿಗೆ ಗೊತ್ತಿತ್ತೇ, ಮುಖ್ಯ ಸಂಗತಿಗಳನ್ನು ಅವನಿಗೆ ಸ್ಪಷ್ಟವಾಗಿ ವಿವರಿಸಿದ್ದರೇ, ಎದುರಿಸಲು ಪೂರ್ಣ ಅವಕಾಶ ಸಿಕ್ಕಿತೇ? ಇಂದಿಗೂ ಮೇಲ್ಮನವಿ ಪೀಠಗಳು ಕೇಳುವ ಪ್ರಶ್ನೆಗಳು ಇವೇ.

ಈ ಪರೀಕ್ಷೆ ಸರಿಯೆಂದೇ ನನಗನ್ನಿಸುತ್ತದೆ. ಆದರೆ ಅದು ಯಾವಾಗಲೂ ಒಂದೇ ತೂಕದಲ್ಲಿ ತೂಗಿಲ್ಲ. ಆತ್ಮಹತ್ಯೆಗೆ ಪ್ರಚೋದನೆಯ ಸೆಕ್ಷನ್ 306ರ ಕಥೆ ನೋಡಿ. 1997ರಲ್ಲಿ ಸಂಗರಬೋಯಿನ ಶ್ರೀನು ಪ್ರಕರಣದಲ್ಲಿ, ಕೊಲೆಯ ಚಾರ್ಜ್ ಮಾತ್ರ ಇದ್ದವನಿಗೆ 306ರ ಅಡಿ ಕೊಟ್ಟ ಶಿಕ್ಷೆಯನ್ನು ಸುಪ್ರೀಂ ಕೋರ್ಟು ರದ್ದು ಮಾಡಿತು. ಒಂದು ಕೊಂದದ್ದು, ಇನ್ನೊಂದು ಸಾಯುವಂತೆ ಮಾಡಿದ್ದು, ಎರಡರ ಜಾತಿಯೇ ಬೇರೆ. ಕೆ. ಪ್ರೇಮಾ ಎಸ್. ರಾವ್ ಪ್ರಕರಣದಲ್ಲಿ 498-ಎ (ಹೆಂಡತಿಯ ಮೇಲಿನ ಕ್ರೌರ್ಯ) ಮತ್ತು 304-ಬಿ ಚಾರ್ಜ್‌ಗಳಷ್ಟೇ ಇದ್ದರೂ, ಕಿರುಕುಳವೇ ಸಾವಿಗೆ ದೂಡಿತು ಎಂಬ ಸಂಗತಿ ಚಾರ್ಜ್‌ನ ಒಳಗೇ ಇದೆ ಎಂದು 306ರ ಅಡಿ ಶಿಕ್ಷೆಯಾಯಿತು. 2004ರ ದಲ್ಬೀರ್ ಸಿಂಗ್ ತೀರ್ಪಿನಲ್ಲಿ ಮೂವರ ಪೀಠ, ಸಂಗರಬೋಯಿನ ತೀರ್ಪು ಸರಿಯಾದ ಕಾನೂನನ್ನು ಹೇಳಿಲ್ಲ ಎಂದು ಅದನ್ನು ಬದಿಗೆ ಸರಿಸಿತು. ಸೆಕ್ಷನ್‌ನ ಸಂಖ್ಯೆ ಚಾರ್ಜ್‌ನಲ್ಲಿ ಇಲ್ಲ ಎಂಬ ವಾದಕ್ಕಿದ್ದ ಬೆಲೆ ಆವತ್ತಿಗೆ ಬಹುತೇಕ ಮುಗಿಯಿತು. ಸಂಗತಿಗಳು ಚಾರ್ಜ್‌ನಲ್ಲಿದ್ದವೇ ಎಂಬುದಷ್ಟೇ ಉಳಿಯಿತು.

ಹೀಗೆ ನೋಡಿದರೆ ಮುಲ್ತಾನಿ ಮತ್ತು ಪ್ರೇಮಾ ರಾವ್ ಒಂದಕ್ಕೊಂದು ವಿರುದ್ಧವಲ್ಲ. ಮುಲ್ತಾನಿಯಲ್ಲಿ ಆರೋಪಿಗೆ ಹೊಸ ಹೊರೆ ಬಂತು. ಪ್ರೇಮಾ ರಾವ್‌ನಲ್ಲಿ ಗಂಡನಿಗೆ 304-ಬಿ ಚಾರ್ಜ್‌ನಿಂದಾಗಿ 306ಕ್ಕಿಂತ ಭಾರವಾದ ಹೊರೆ ಮೊದಲೇ ಹೆಗಲ ಮೇಲಿತ್ತು. ಕೆಳಗಿನ ಕೋರ್ಟುಗಳಲ್ಲಿ ಎರಡೂ ತೀರ್ಪುಗಳ ಹೆಸರು ಹೇಳಿ ಹೊಯ್ದಾಡುವ ವಾದಗಳಿಗೆ ಈ ಒಂದು ವ್ಯತ್ಯಾಸ ಕಂಡರೆ ಅರ್ಧ ಉತ್ತರ ಸಿಕ್ಕಂತೆ.

ಗುಂಪು ಗಲಾಟೆಯ ಕೇಸುಗಳಲ್ಲಿ ಲೆಕ್ಕಾಚಾರ ಬೇರೆ. ಅಕ್ರಮ ಕೂಟ ಎನ್ನಲು ಕನಿಷ್ಠ ಐವರು ಬೇಕು. ಚಾರ್ಜ್‌ನಲ್ಲಿ ಹೆಸರಿಸಿದ್ದು ಐವರನ್ನೇ, ‘ಇನ್ನೂ ಕೆಲವರು’ ಎಂಬ ಮಾತೂ ಇಲ್ಲ, ವಿಚಾರಣೆಯಲ್ಲಿ ಇಬ್ಬರು ಖುಲಾಸೆಯಾದರು ಎಂದರೆ ಉಳಿದ ಮೂವರ ಮೇಲೆ 149 ನಿಲ್ಲದು. 1960ರ ದಶಕದ ಆರಂಭದ ಮೋಹನ್ ಸಿಂಗ್ ತೀರ್ಪಿನಿಂದ ಇದು ಸ್ಥಿರವಾಗಿದೆ. ಆದರೆ ಪ್ರಾಸಿಕ್ಯೂಷನ್ ಅಲ್ಲಿಗೆ ಕೈಚೆಲ್ಲುವುದಿಲ್ಲ, 34ಕ್ಕೆ ಹೊರಳುತ್ತದೆ, ಮೋಹನ್ ಸಿಂಗ್ ಪ್ರಕರಣದಲ್ಲೂ ಆದದ್ದು ಅದೇ. ಆಗ ಮೇಲ್ಮನವಿದಾರ ಕೇಳಬೇಕಾದ ಪ್ರಶ್ನೆ: ಕೂಟದಲ್ಲಿ ಇದ್ದದ್ದಕ್ಕೆ ಸಾಕ್ಷ್ಯವಿದೆ, ಸರಿ, ಒಟ್ಟಿಗೆ ಯೋಚಿಸಿ, ಕೃತ್ಯದಲ್ಲಿ ಕೈಜೋಡಿಸಿದ್ದಕ್ಕೆ ಏನಿದೆ? ತಾನು ಕೈ ಎತ್ತದಿದ್ದರೂ ಕೂಟದ ಸದಸ್ಯನಾಗಿದ್ದವನನ್ನು 149ರ ಬಲೆ ಹಿಡಿಯಬಹುದು, 34 ಹಾಗೆ ಹಿಡಿಯಲಾರದು.

ತಾರೀಕು, ಜಾಗ, ಮೊತ್ತಗಳ ವ್ಯತ್ಯಾಸದ ಮೇಲೆ ಹೆಚ್ಚು ಆಸೆ ಇಟ್ಟುಕೊಳ್ಳಬಾರದು. ನಂಬಿಕೆದ್ರೋಹದಲ್ಲಿ ಒಟ್ಟು ಮೊತ್ತವನ್ನೂ ಒಂದು ವರ್ಷ ಮೀರದ ಅವಧಿಯನ್ನೂ ಹೇಳಿದರೆ ಸಾಕೆಂದು ಕಾನೂನೇ ಅನುಮತಿಸುತ್ತದೆ. ಅಪವಾದ ವಂಚನೆಯ ಕೇಸುಗಳು. ಬಕ್ಷ್‌ದ್ವಯರ ಪಕ್ಕದಲ್ಲೇ ಇರುವ ಮತ್ತೊಂದು ಜೋಡಿ ಉದಾಹರಣೆ ಇದನ್ನು ಹೇಳುತ್ತದೆ: ಹೇಗೆ ವಂಚಿಸಿದ ಎಂದು ಚಾರ್ಜ್ ಹೇಳದಿದ್ದರೂ ಆರೋಪಿ ಸಾಕ್ಷಿಗಳನ್ನು ಕರೆಸಿ ತನ್ನ ಕಡೆಯ ವಿವರ ಕೊಟ್ಟಿದ್ದರೆ ತಪ್ಪಿಗೆ ಮಹತ್ವವಿಲ್ಲ. ಇಬ್ಬರ ನಡುವೆ ಹತ್ತಾರು ವ್ಯವಹಾರಗಳಿದ್ದು ಯಾವುದರ ಮಾತೆಂದು ತಿಳಿಯದೆ ಆರೋಪಿ ಪ್ರತಿವಾದವನ್ನೇ ಹೂಡಿರದಿದ್ದರೆ ತಪ್ಪು ಗಂಭೀರ. ಚೆಕ್ಕು, ಚೀಟಿ, ಪಾಲುದಾರಿಕೆಯ ಲೆಕ್ಕಗಳು ಕಲಸಿಹೋದ ಕೇಸುಗಳಲ್ಲಿ ಈ ಉದಾಹರಣೆಯನ್ನು ಬಳಸಿಕೊಳ್ಳುವವರು ಕಡಿಮೆ ಏಕೋ.

2024ರ ಜುಲೈ 1ರಿಂದ ಹೊಸ ಸಂಹಿತೆ ಜಾರಿಗೆ ಬಂದಿದೆ. ಅಂದಿಗಾಗಲೇ ನಡೆಯುತ್ತಿದ್ದ ವಿಚಾರಣೆ, ಮೇಲ್ಮನವಿಗಳು ಹಳೆಯ ಸಂಹಿತೆಯಲ್ಲೇ ಮುಂದುವರಿಯುತ್ತವೆ. ಹಾಗಾಗಿ ಇನ್ನೂ ಕೆಲವು ವರ್ಷ ಎರಡೂ ಸಂಖ್ಯೆಗಳು ಮೇಜಿನ ಮೇಲಿರುತ್ತವೆ: ಕೊಲೆ ಐಪಿಸಿಯ 302 ಅಥವಾ ಹೊಸ ಭಾರತೀಯ ನ್ಯಾಯ ಸಂಹಿತೆಯ 103, ವರದಕ್ಷಿಣೆ ಸಾವು 304-ಬಿ ಅಥವಾ 80, ಪ್ರಚೋದನೆ 306 ಅಥವಾ 108, ಸಮಾನ ಇರಾದೆ 34 ಅಥವಾ 3(5). ಕೇವಲ ಸಂಖ್ಯೆ ತಪ್ಪಿ ಬಿದ್ದರೆ ಯಾವ ಮೇಲ್ಮನವಿಯೂ ಅದರ ಮೇಲೆ ಗೆಲ್ಲದು. ನನಗೆ ಆತಂಕವಿರುವುದು ಬೇರೆ ಕಡೆ. ಚಾರ್ಜ್ ಕುರಿತ ಮೊದಲ ವಿಚಾರಣೆಯಿಂದ 60 ದಿನದೊಳಗೆ ಅದನ್ನು ನಿಗದಿ ಮಾಡಬೇಕೆಂದು ಹೊಸ ಸಂಹಿತೆ ಗಡುವು ಹಾಕಿದೆ. ವರ್ಷಗಟ್ಟಲೆ ಚಾರ್ಜೇ ಇಲ್ಲದೆ ಜೈಲಿನಲ್ಲಿ ಕೊಳೆಯುವವರ ದೃಷ್ಟಿಯಿಂದ ಇದು ಬೇಕಾದದ್ದೇ. ಆದರೆ ಅವಸರದಲ್ಲಿ ಪೊಲೀಸರ ಚಾರ್ಜ್‌ಶೀಟಿನ ಸೆಕ್ಷನ್‌ಗಳನ್ನು ಹಾಗೇ ಎತ್ತಿ ಬರೆಯುವ ಅಭ್ಯಾಸ ಬೆಳೆದರೆ, ಆರೋಪಕ್ಕೂ ಪುರಾವೆಗೂ ಬಿರುಕು ಬೀಳುವುದು ಅಲ್ಲಿಂದಲೇ.

ಇನ್ನು ಶಿಕ್ಷೆಯಾದವನು ಏನು ಮಾಡಬೇಕು? ಸೆಷನ್ಸ್ ಕೋರ್ಟಿನ ಶಿಕ್ಷೆಯ ವಿರುದ್ಧ ಹೈಕೋರ್ಟಿಗೆ 60 ದಿನ (ಗಲ್ಲು ಶಿಕ್ಷೆಯಾದರೆ 30), ಮ್ಯಾಜಿಸ್ಟ್ರೇಟರ ಶಿಕ್ಷೆಯ ವಿರುದ್ಧ ಸೆಷನ್ಸ್ ಕೋರ್ಟಿಗೆ 30 ದಿನ. ಮೇಲ್ಮನವಿಯ ಕಡತ ಕಟ್ಟುವಾಗ ಮೂರು ಕಾಗದಗಳನ್ನು ಅಕ್ಕಪಕ್ಕ ಇಟ್ಟು ಓದಬೇಕು: ಓದಿ ಹೇಳಿದ ಚಾರ್ಜ್, ಪಾಟಿ ಸವಾಲಿನ ದಾಖಲೆ, ಆರೋಪಿಯನ್ನು ಕೋರ್ಟು ಕೇಳಿದ ಪ್ರಶ್ನೆಗಳ ಹಾಳೆ (ಹಳೆಯ 313, ಹೊಸ 351). ಈ ಕೊನೆಯದನ್ನು ಹೆಚ್ಚಿನವರು ಉಪಚಾರವೆಂದು ಬಿಟ್ಟುಬಿಡುತ್ತಾರೆ. ಶಿಕ್ಷೆಗೆ ಆಧಾರವಾದ ಸಂಗತಿ ಚಾರ್ಜ್‌ನಲ್ಲೂ ಇಲ್ಲ, ಆ ಪ್ರಶ್ನೆಗಳಲ್ಲೂ ಇಲ್ಲ ಎಂದಾದರೆ ಬಾಧೆಯ ವಾದಕ್ಕೆ ಜೀವ ಬರುತ್ತದೆ. ಆರೋಪಿಯ ಮುಂದಿಡದ ಸನ್ನಿವೇಶವನ್ನು ಅವನ ವಿರುದ್ಧ ಬಳಸಬಾರದೆಂದು 1984ರ ಶರದ್ ಸಾರ್ಡಾ ತೀರ್ಪು ಹೇಳಿದೆ. ಪಾಟಿ ಸವಾಲಿನಲ್ಲಿ ವಕೀಲರು ಅದೇ ಸಂಗತಿಯ ಮೇಲೆ ಹತ್ತು ಪ್ರಶ್ನೆ ಕೇಳಿದ್ದರೆ ಮಾತ್ರ ವಾದ ಅಲ್ಲೇ ನೆಲಕಚ್ಚುತ್ತದೆ. ಗೊತ್ತಿಲ್ಲದಿದ್ದರೆ ಕೇಳಿದ್ದು ಹೇಗೆ?

ಮತ್ತೊಂದು ಅಡ್ಡಗಾಲು 465ನೇ (ಹೊಸ 511) ಸೆಕ್ಷನ್‌ನದು. ಈ ಆಕ್ಷೇಪವನ್ನು ಮೊದಲೇ ಎತ್ತಬಹುದಿತ್ತೇ, ಎತ್ತಬೇಕಿತ್ತೇ ಎಂದು ಮೇಲ್ಮನವಿ ಕೋರ್ಟು ನೋಡಬೇಕು. ಸಾಕ್ಷಿ ಚಾರ್ಜ್‌ನಿಂದ ಆಚೆ ಸರಿದ ದಿನವೇ ವಕೀಲರು ಆಕ್ಷೇಪಿಸಿ ಅದು ದಾಖಲಾಗುವಂತೆ ನೋಡಿಕೊಂಡಿದ್ದರೆ ಮುಂದೆ ಬಲ. ಆದರೆ ಒಂದು ಇಕ್ಕಟ್ಟಿದೆ: ಆಕ್ಷೇಪಿಸಿದರೆ ನ್ಯಾಯಾಧೀಶರು ಅಲ್ಲೇ ಚಾರ್ಜ್ ತಿದ್ದಿ ರಂಧ್ರ ಮುಚ್ಚಿಬಿಡಬಹುದು, ಸುಮ್ಮನಿದ್ದರೆ ಮುಂದೆ ‘ಆಗ ಏಕೆ ಹೇಳಲಿಲ್ಲ?’ ಎನ್ನಬಹುದು. ಇದಕ್ಕೆ ಸುಲಭದ ಉತ್ತರವಿಲ್ಲ. ಚಾರ್ಜ್‌ನಾಚೆಯ ಅಪರಾಧ ಮೊದಲ ಸಲ ಕಾಣಿಸಿಕೊಂಡದ್ದೇ ತೀರ್ಪಿನಲ್ಲಿ ಅಥವಾ ಹೈಕೋರ್ಟಿನಲ್ಲಿ ಎಂದಾದರೆ ಈ ಅಡ್ಡಗಾಲು ಇರುವುದಿಲ್ಲ. ಮುಲ್ತಾನಿಯ ಸ್ಥಿತಿ ಅದಾಗಿತ್ತು.

ಬಾಧೆಯಾಗಿದೆ ಎಂದು ಒಪ್ಪಿದ ಮೇಲೆ ಕೋರ್ಟಿನ ಮುಂದಿರುವ ದಾರಿಗಳು 464ರಲ್ಲಿ (ಹೊಸ 510) ಇವೆ. ಚಾರ್ಜೇ ಇರಲಿಲ್ಲವೆಂದರೆ, ಚಾರ್ಜ್ ನಿಗದಿ ಮಾಡಿ ಆ ಹಂತದಿಂದ ವಿಚಾರಣೆ ಮತ್ತೆ ಶುರು. ಚಾರ್ಜ್‌ನಲ್ಲಿ ತಪ್ಪಿತ್ತೆಂದರೆ ಸರಿಯಾದ ಚಾರ್ಜ್‌ನ ಮೇಲೆ ಹೊಸ ವಿಚಾರಣೆ. ರುಜುವಾದ ಸಂಗತಿಗಳ ಮೇಲೆ ಯಾವ ಸಮರ್ಪಕ ಚಾರ್ಜೂ ಹೊರಿಸಲು ಸಾಧ್ಯವಿಲ್ಲ ಎಂದು ಕಂಡಾಗ ಮಾತ್ರ ಶಿಕ್ಷೆಯನ್ನೇ ತೆಗೆದುಹಾಕಬೇಕು. ಆದ್ದರಿಂದ ಅನುಭವಿ ವಕೀಲರು ಮೇಲ್ಮನವಿಯಲ್ಲಿ ಈ ವಾದವನ್ನು ಒಂಟಿಯಾಗಿ ಬಿಡುವುದಿಲ್ಲ: ಚಾರ್ಜ್‌ನಿಂದ ಆಚೆ ಹೋದ ಸಾಕ್ಷ್ಯವನ್ನು ತೆಗೆದಿಟ್ಟರೆ ಉಳಿದದ್ದು ಶಿಕ್ಷೆಗೆ ಸಾಲದು ಎಂಬುದನ್ನು ಮೊದಲು ಇಡುತ್ತಾರೆ, ಬಾಧೆಯ ವಾದ ಅದರ ಹಿಂದೆ. ಮೊದಲನೆಯದು ಗೆದ್ದರೆ ಖುಲಾಸೆ. ಎರಡನೆಯದು ಮಾತ್ರ ಗೆದ್ದರೆ, ಐದಾರು ವರ್ಷ ಜೈಲಿನಲ್ಲಿ ಕಳೆದವನು ಅದೇ ಸಾಕ್ಷಿಗಳನ್ನು ಅದೇ ಕಟಕಟೆಯಲ್ಲಿ ಇನ್ನೊಮ್ಮೆ ಎದುರಿಸಬೇಕಾಗುತ್ತದೆ, ಈ ಸಲ ಸರಿಯಾಗಿ ಬರೆದ ಚಾರ್ಜ್‌ನೊಂದಿಗೆ.